ಬಚ್ಚಲ ಒಲೆಯಿಂದ ಎರಡು ಗುಂಡು

ನಾನು ನಿಂತಿದ್ದದ್ದು ನಮ್ಮ ಬಚ್ಚಲುಮನೆಯ ಹೊರಗೆ, ಒಲೆಯ ಬಾಯಿಗೆ ಎದುರಾಗಿ, ನಾಲ್ಕು ಹೆಜ್ಜೆ ಹಿಂದೆ. ಎಡಕ್ಕೆ ಸೌದೆ ಒಟ್ಟಿದ ಚಪ್ಪರ, ಬಲಕ್ಕೆ ಬೇಲಿ, ಬೇಲಿಯಾಚೆ ಪೂವಯ್ಯನವರ ಮನೆ. ಜನವರಿಯ ಒಂದು ಭಾನುವಾರ, ಬೆಳಗಿನ ಏಳು ಗಂಟೆ ದಾಟಿತ್ತು. ರಸ್ತೆಯ ತಿರುವಿನಲ್ಲಿರುವ ಹಾಲಿನ ಡೈರಿಯ ಬಾಗಿಲು ತೆರೆದಿತ್ತು, ವ್ಯಾನು ಇನ್ನೂ ಬಂದಿರಲಿಲ್ಲ. ನನ್ನ ಮೈಮೇಲೆ ಬನಿಯನ್ನು, ಲುಂಗಿ, ಕುತ್ತಿಗೆಗೆ ಮಫ್ಲರು. ಕೈಯಲ್ಲಿ ಕಾಫಿಯ ಲೋಟ.

ಲುಂಗಿಯ ಮಾತನ್ನು ಸುಮ್ಮನೆ ಹೇಳಲಿಲ್ಲ. ಆ ಬೆಳಗಿನ ಬಗ್ಗೆ ಈಗ ಊರಿನಲ್ಲಿ ಹಲವು ಕಥೆಗಳು ಓಡಾಡುತ್ತಿವೆ. ಪಾಲಿಬೆಟ್ಟದ ಹೋಟೆಲಿನಲ್ಲಿ ಹೇಳುವ ಕಥೆಯ ಪ್ರಕಾರ, ಮೇಷ್ಟ್ರು ಸ್ಕೂಲಿನ ಪ್ರಯೋಗವನ್ನು ಮನೆಯಲ್ಲಿ ಮಾಡಿ ನೋಡಲು ಹೋಗಿ ಬಾಂಬು ಸಿಡಿಸಿದರು. ಎಸ್ಟೇಟಿನ ಕೂಲಿಕಾರರ ಲೈನುಮನೆಗಳಲ್ಲಿ ಓಡಾಡುವ ಕಥೆಯಲ್ಲಿ ನಾನು ಬರಿಮೈಯಲ್ಲಿ ರಸ್ತೆಗೆ ಓಡಿದ್ದೇನೆ. ಎರಡೂ ಸುಳ್ಳು. ಮೂರನೆಯ ಕಥೆ ನನ್ನ ಹೆಂಡತಿಯ ಅಣ್ಣ ನಂಜೇಗೌಡರು ಅರಕಲಗೂಡಿಗೆ ವಾಪಸು ಹೋಗುವಾಗ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹಂಚುತ್ತ ಹೋದದ್ದು. ಅದನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ನಾನು ಸಾಮಾನ್ಯವಾಗಿ ಸಿಟ್ಟಿನ ಮನುಷ್ಯನಲ್ಲ. ಆದರೆ ಕಣ್ಣೆದುರು ನಡೆದದ್ದನ್ನು ಕಣ್ಣಿಲ್ಲದವರಂತೆ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ನಿಧಾನವಾಗಿ, ಒಂದು ಬಾರಿ ಹೇಳಿಬಿಡುತ್ತೇನೆ.

ನಾನು ಇಲ್ಲಿನ ಶಾಲೆಯಲ್ಲಿ ಏಳನೆಯ ತರಗತಿಗೆ ವಿಜ್ಞಾನ ಹೇಳಿಕೊಡುವವನು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯ ಹೂಡಿದವರು. ನಾನು ಕೆಲಸದ ದೆಸೆಯಿಂದ ಈ ಕಾಫಿ ತೋಟಗಳ ನಡುವೆ ಬಾಡಿಗೆ ಮನೆ ಹಿಡಿದಿದ್ದೇನೆ. ಆಗ ತರಗತಿಯಲ್ಲಿ ನಡೆಯುತ್ತಿದ್ದದ್ದು ಉಷ್ಣ ಮತ್ತು ತಾಪದ ಪಾಠ. ಪುಸ್ತಕದ ಚಿತ್ರದಲ್ಲಿ ಗಾಜಿನ ಬೀಕರು, ಅದರ ಕೆಳಗೆ ನೀಲಿ ಜ್ವಾಲೆಯ ಬರ್ನರು ಇದೆ. ನಮ್ಮ ಶಾಲೆಯಲ್ಲಿ ಬೀಕರು ಇದೆ, ಬರ್ನರು ಇಲ್ಲ. ಹಾಗಾಗಿ ನಾನು ಮಕ್ಕಳಿಗೆ ಮಕ್ಕಳನ್ನೇ ತೋರಿಸುತ್ತೇನೆ. "ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಆಗಿದೆ. ಅವು ಸುಮ್ಮನಿರುವ ಜಾತಿಯವಲ್ಲ, ನಿಮ್ಮ ಹಾಗೆ. ಪಾಠ ನಡೆಯುವಾಗ ಬೆಂಚಿನಲ್ಲೇ ಕೂತು ಅಲ್ಲಾಡುತ್ತೀರಲ್ಲ, ಅದು ಘನ. ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ತಳ್ಳುತ್ತ ಜರುಗುತ್ತೀರಲ್ಲ, ಅದು ದ್ರವ. ಕೊನೆಯ ಬೆಲ್ಲು ಹೊಡೆದ ಮೇಲೆ ದಿಕ್ಕುದಿಕ್ಕಿಗೆ ಓಡುತ್ತೀರಲ್ಲ, ಅದು ಅನಿಲ. ಕಾಯಿಸಿದಷ್ಟೂ ಓಟ ಜೋರು. ಸರಾಸರಿ ಒಂದೊಂದು ಕಣ ಎಷ್ಟು ಜೋರಾಗಿ ಓಡುತ್ತಿದೆ ಅನ್ನುವುದರ ಅಳತೆ ತಾಪ. ಎಲ್ಲ ಕಣಗಳ ಓಟವನ್ನೂ ಒಟ್ಟು ಸೇರಿಸಿದರೆ ಎಷ್ಟು ಶಕ್ತಿ ಅನ್ನುವುದು ಬೇರೆಯೇ ಲೆಕ್ಕ." ಇದನ್ನು ಹೇಳುವಾಗ ನನಗೆ ಕಣಗಳು ನಿಜಕ್ಕೂ ಕಾಣುತ್ತವೆ. ಕಾಣಲಿ ಎಂದು ಕಣ್ಣು ಮುಚ್ಚಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಹಿಂದಿನ ಬೆಂಚಿನವರು ಒಂದೊಂದು ಕಿತ್ತಳೆ ಸುಲಿದು ತಿಂದು ಮುಗಿಸುತ್ತಾರೆ ಎಂಬುದು ಸಿಪ್ಪೆಯ ವಾಸನೆಯಿಂದ ನನಗೆ ಗೊತ್ತು. ವಿಜ್ಞಾನಕ್ಕಾಗಿ ಅಷ್ಟನ್ನು ಸಹಿಸಿಕೊಂಡಿದ್ದೇನೆ.

ಇನ್ನು ಪೂವಯ್ಯನವರು. ಮಿಲಿಟರಿಯಿಂದ ಸುಬೇದಾರರಾಗಿ ನಿವೃತ್ತರಾದ ಕೊಡವ ಹಿರಿಯರು. ನಾವು ಈ ಮನೆಗೆ ಬಂದ ದಿನ ಬೇಲಿಯ ಮೇಲಿಂದ ಒಂದು ಗೊನೆ ಬಾಳೆಹಣ್ಣು ದಾಟಿಸಿ, "ಮೇಷ್ಟ್ರೇ, ಬೇಲಿ ಇರೋದು ದನಕ್ಕೆ, ನಮಗಲ್ಲ" ಎಂದವರು. ಡಿಸೆಂಬರಿನಲ್ಲಿ ಅವರ ಹೃದಯ ಕೈಕೊಟ್ಟು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು. ಮೆಟ್ಟಿಲು ಹತ್ತಬಾರದು, ಬೆಚ್ಚಿಬೀಳಬಾರದು, ಕೋಣೆಯಿಂದ ಜಗಲಿಗೂ ಒಬ್ಬರ ಕೈ ಹಿಡಿದೇ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಅವರ ಹೆಂಡತಿ ಮುತ್ತಮ್ಮ ಆ ಮಾತನ್ನು ಕಾನೂನಿನಂತೆ ನಡೆಸುತ್ತಿದ್ದರು. ಕುಕ್ಕರಿನ ಸೀಟಿ ಕೂಗಬಾರದೆಂದು ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿ ಬಸಿಯುತ್ತಿದ್ದರು. ನಮ್ಮ ಮನೆಯ ಮಿಕ್ಸಿ ಓಡುವ ಮೊದಲು ನನ್ನ ಹೆಂಡತಿ ಗಿರಿಜೆ ಬೇಲಿಯ ಹತ್ತಿರ ಹೋಗಿ, "ಮುತ್ತಮ್ಮಕ್ಕಾ, ಚಟ್ನಿ ರುಬ್ತೀನಿ" ಎಂದು ಹೇಳಿ ಬರುತ್ತಿದ್ದಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವಷ್ಟು ಹೊತ್ತು ಮಾತ್ರ ಮುತ್ತಮ್ಮ ಗಂಡನ ಪಕ್ಕದಲ್ಲಿ ಇರುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅವರ ಮೈದುನನ ಮಗ ಬಂದು ಮಾತ್ರೆ ಕೊಟ್ಟು ಹೋಗುತ್ತಿದ್ದ.

ಈ ಊರಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಎರಡು ಸಂಗತಿ ಹೇಳಬೇಕು. ಒಂದು, ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ; ಯಾರಾದರೂ ತೀರಿಕೊಂಡರೆ ಎರಡು, ಒಂದರ ಬೆನ್ನಿಗೊಂದು. ಕಣಿವೆಯಾಚೆ ಕೂತವರಿಗೂ ಸುದ್ದಿ ಮುಟ್ಟುತ್ತದೆ. ಇನ್ನೊಂದು, ಇಲ್ಲಿ ಬಿದಿರನ್ನು ಯಾರೂ ಇಡಿಯಾಗಿ ಒಲೆಗೆ ಹಾಕುವುದಿಲ್ಲ. ಸೀಳಿ ಹಾಕುತ್ತಾರೆ, ಸೀಳಲು ಬೇಸರವಾದರೆ ಕತ್ತಿಯ ಬೆನ್ನಿನಿಂದ ಒಂದೊಂದು ಗಂಟಿನ ನಡುವೆಯೂ ಒಂದೇಟು ಕೊಟ್ಟು ಬಿರುಕು ಬಿಡಿಸುತ್ತಾರೆ. ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ನಂಜೇಗೌಡರ ಸೀಮೆಯಲ್ಲಿ ಸೌದೆ ಎಂದರೆ ತೆಂಗಿನ ಗರಿ, ಜಾಲಿಯ ಕಡ್ಡಿ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿಲ್ಲದೆ ನಡೆದುಕೊಂಡರಲ್ಲ, ಅದಕ್ಕೆ ಸಿಟ್ಟು.

ಆ ಬೆಳಿಗ್ಗೆ ಕರೆಂಟು ಇರಲಿಲ್ಲ. ಗೀಸರು ಗೋಡೆಯ ಮೇಲೆ ಅಲಂಕಾರಕ್ಕೆ ಇತ್ತು. ಹಂಡೆಯ ಒಲೆಗೆ ನಾನೇ ಬೆಂಕಿ ಮಾಡಿದ್ದೆ. ನಮ್ಮಲ್ಲಿಗೆ ನೆಂಟರಾಗಿ ಬಂದಿದ್ದ ಭಾವ ನಂಜೇಗೌಡರು ಸ್ನಾನಕ್ಕೆ ಹೋದರು. ಎರಡು ಚೊಂಬು ಹುಯ್ದುಕೊಂಡ ಸದ್ದು ಕೇಳಿತು, ಆಮೇಲೆ ಕೂಗು.

"ಮೇಷ್ಟ್ರೇ! ಇದೇನ್ ನೀರು ಕಾಯ್ಸಿದೀರೋ, ಇಲ್ಲಾ ಬಾವಿಯಿಂದ ಸೀದಾ ತಂದು ಸುರಿದಿದೀರೋ?"

"ಉಗುರು ಬೆಚ್ಚಗಿದೆ ಭಾವ. ಇನ್ನೊಂದು ಗಳಿಗೆ ತಡೀರಿ" ಎಂದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಕೈಯಲ್ಲಿ ಹೊಗೆಯಾಡುವ ಕಾಫಿ ಲೋಟವಿತ್ತು, ಎದುರಿಗೆ ಹಂಡೆಯಿತ್ತು. ಇಷ್ಟು ಒಳ್ಳೆಯ ಉದಾಹರಣೆ ಒಟ್ಟಿಗೆ ಸಿಕ್ಕಾಗ ಯಾವ ಮೇಷ್ಟ್ರು ಸುಮ್ಮನಿರುತ್ತಾನೆ? "ನೋಡಿ ಭಾವ, ಈ ಲೋಟದ ಕಾಫಿಯ ತಾಪ ಜಾಸ್ತಿ, ನಾಲಿಗೆ ಸುಡುತ್ತೆ. ಆದ್ರೆ ಒಟ್ಟು ಲೆಕ್ಕ ಹಾಕಿದ್ರೆ ನಿಮ್ಮ ಹಂಡೆಯ ಬೆಚ್ಚಗಿನ ನೀರಿನಲ್ಲೇ ಉಷ್ಣ ಜಾಸ್ತಿ. ಯಾಕಂದ್ರೆ ಅದರಲ್ಲಿ ಕಣಗಳ ಸಂಖ್ಯೆ..."

ಭಾವ ಟವೆಲು ಸುತ್ತಿಕೊಂಡು, ಮೈತುಂಬ ಸೋಪಿನ ನೊರೆಯೊಂದಿಗೆ ಹೊರಗೇ ಬಂದುಬಿಟ್ಟರು. "ನಿಮ್ಮ ಹಂಡೇಲಿ ಉಷ್ಣ ಗುಡ್ಡೆ ಬಿದ್ದಿರ್ಬೋದು ಮೇಷ್ಟ್ರೇ, ನನ್ ಬೆನ್ನಿಗೆ ಒಂದ್ ಚೊಂಬಷ್ಟೂ ಸಿಗ್ತಾ ಇಲ್ವಲ್ಲ! ಲೋಟದ್ದೇ ಜಾಸ್ತಿ ಬಿಸಿ. ಬೇಕಾದ್ರೆ ಎರಡರಲ್ಲೂ ಬೆರಳು ಅದ್ದಿ ನೋಡಿ."

"ಬೆರಳಿಗೆ ಗೊತ್ತಾಗೋದು ತಾಪ ಭಾವ. ಉಷ್ಣ ಅಲ್ಲ."

"ಬೆರಳಿಗೆ ಗೊತ್ತಾಗ್ದೇ ಇರೋದನ್ನ ತಗೊಂಡು ನಾನೇನ್ ತಲೆ ಮೇಲೆ ಹುಯ್ಕೊಳ್ಲಾ? ಸೌದೆ ಎಲ್ಲಿ?"

ಇಲ್ಲಿಂದ ಮುಂದೆ ಬಹಳ ಎಚ್ಚರಿಕೆಯಿಂದ ಹೇಳಬೇಕು. ನಾನು ವಿವರಣೆ ಮುಂದುವರಿಸಿದೆ. ಕಾಯಿಸಿದ ಕಣಗಳಿಗೆ ಜಾಗ ಹೆಚ್ಚು ಬೇಕಾಗುತ್ತದೆ. ತೆರೆದ ಹಂಡೆಯಲ್ಲಿ ಅವು ಆವಿಯಾಗಿ ಹೊರಗೆ ಹೋಗುತ್ತವೆ. ಮುಚ್ಚಿದ ಪಾತ್ರೆಯಲ್ಲಿ ಹೋಗಲು ದಾರಿಯಿಲ್ಲದೆ ಗೋಡೆಗೆ ಗುದ್ದುತ್ತವೆ, ಕಾಯಿಸಿದಷ್ಟೂ ಗುದ್ದು ಜಾಸ್ತಿ, ಕೊನೆಗೆ ಗೋಡೆ ಸೋಲುತ್ತದೆ ಎಂದು ಹೇಳುತ್ತಿದ್ದೆ. ಭಾವ ಹೂಂಗುಟ್ಟುತ್ತಿದ್ದರು. ಸೌದೆ ಜರುಗಿಸುವ ಸದ್ದು ಕೇಳಿಸಿತು. ಒಲೆಯ ಬೆಂಕಿ ಭರ್ರೆಂದಿತು. ನನಗೆ ಸಂತೋಷವಾಯಿತು, ಶಿಷ್ಯ ಗುರುವಿನ ಮಾತು ಕೇಳುತ್ತ ಕೆಲಸವನ್ನೂ ಮಾಡುತ್ತಿದ್ದಾನಲ್ಲ ಎಂದು.

ಢಂ!

ಒಲೆಯ ಬಾಯಿಂದ ಕೆಂಡ, ಬೂದಿ, ಹೊಗೆ ಒಟ್ಟಿಗೆ ಹೊರಗೆ ಹಾರಿತು. ನನ್ನ ಕಾಫಿ ನನ್ನ ಮಫ್ಲರಿನ ಮೇಲೆ ಹೋಯಿತು. ನಾವಿಬ್ಬರೂ ಬಾಯಿ ತೆರೆದುಕೊಂಡು ನಿಂತಿರುವಾಗಲೇ ಇನ್ನೊಂದು, ಢಂ! ಈ ಸಲ ಬಿದಿರೇ ಒಲೆಯಿಂದ ಚಿಮ್ಮಿ ಅಂಗಳಕ್ಕೆ ಬಿತ್ತು. ತೋಳಿನಷ್ಟು ದಪ್ಪದ, ಸೀಳದ, ಏಟು ಬೀಳದ, ಇನ್ನೂ ಅರ್ಧ ಹಸಿಯಾಗಿದ್ದ ಬಿದಿರು. ಒಳಗಿದ್ದ ಗಾಳಿಯ ಕಣಗಳು ಓಟ ಕಿತ್ತಿದ್ದವು, ನೀರಿನಂಶ ಆವಿಯಾಗಿ ನೂರಾರು ಪಟ್ಟು ಜಾಗ ಕೇಳಿತ್ತು, ಎರಡೂ ಕಡೆಯ ಗಂಟು ಬಾಗಿಲು ಹಾಕಿತ್ತು. ಪಾಠ ಪುಸ್ತಕದಲ್ಲಿದ್ದ ಹಾಗೆಯೇ ನಡೆದಿತ್ತು.

ಬೆಟ್ಟ ಎರಡೂ ಸದ್ದನ್ನು ಒಮ್ಮೆ ತಿರುಗಿ ಹೇಳಿತು. ಆಮೇಲೆ ಊರು ಸ್ತಬ್ಧವಾಯಿತು. ಆ ಮೌನ ನನಗೆ ಅರ್ಥವಾಗಲು ಒಂದು ಉಸಿರು ಬೇಕಾಯಿತು. ಡೈರಿಯಲ್ಲಿದ್ದವರು ಆಮೇಲೆ ಹೇಳಿದರು: ಮೊದಲನೆಯ ಸದ್ದಿಗೆ ಅಲ್ಲಿ ಎಲ್ಲರೂ ನಕ್ಕಿದ್ದರಂತೆ, ಯಾರ ಮನೆಯಲ್ಲಪ್ಪಾ ಗಂಡು ಎಂದು. ಎರಡನೆಯದಕ್ಕೆ ಎಲ್ಲರೂ ತಿರುಗಿ ಮುತ್ತಮ್ಮನವರನ್ನು ನೋಡಿದರಂತೆ. ಒಂದು ಸದ್ದಿಗೆ ಹುಟ್ಟಿದವನು ಇನ್ನೊಂದಕ್ಕೆ ಸತ್ತಿದ್ದ. ಸದ್ದು ಬಂದದ್ದು ಅವರ ಮನೆಯ ದಿಕ್ಕಿನಿಂದ. ಮನೆಯಲ್ಲಿ ಕೋವಿ ಇತ್ತು, ಹಾರಿಸಲು ಮೈದುನನ ಮಗ ಇದ್ದ.

ಬಲಕ್ಕೆ ತಿರುಗಿದಾಗ ನಾನು ಕಂಡದ್ದು ಇದು. ತಿರುವಿನಿಂದ ಮುತ್ತಮ್ಮ ಓಡಿ ಬರುತ್ತಿದ್ದರು. ಹಾಲಿನ ಕ್ಯಾನು ಕೈಯಲ್ಲೇ ಇತ್ತು, ಅದರ ಮುಚ್ಚಳ ಇರಲಿಲ್ಲ, ಹಾಲು ಸೀರೆಯ ಮೇಲೆಲ್ಲ ಚೆಲ್ಲುತ್ತಿತ್ತು. ಕ್ಯಾನು ಬಿಟ್ಟು ಓಡಬಹುದು ಎಂಬುದು ಅವರಿಗೆ ಹೊಳೆದಿರಲಿಲ್ಲ. ಅಳುತ್ತಿರಲಿಲ್ಲ. ಆ ಮುಖವನ್ನು ವಿವರಿಸಲು ನನ್ನಿಂದ ಆಗುವುದಿಲ್ಲ, ಪ್ರಯತ್ನಿಸುವುದೂ ಇಲ್ಲ. ನಾನು ಕೂಗಿದೆ: "ಬಿದಿರು! ಮುತ್ತಮ್ಮಕ್ಕಾ, ಬಿದಿರು!" ಅಷ್ಟು ಹೊತ್ತು ಕಣಗಳ ಬಗ್ಗೆ ನಿರರ್ಗಳವಾಗಿ ಮಾತಾಡಿದ ಬಾಯಿಗೆ ಆಗ ಆ ಒಂದು ಪದ ಬಿಟ್ಟು ಬೇರೇನೂ ಬರಲಿಲ್ಲ. ಅವರಿಗೆ ಕೇಳಿಸಲಿಲ್ಲ.

ಅದೇ ಹೊತ್ತಿಗೆ ಬೇಲಿಯಾಚೆಯ ಬಾಗಿಲು ಧಡಾರನೆ ತೆರೆಯಿತು. ಪೂವಯ್ಯನವರು. ಕೈ ಹಿಡಿಯದೆ ಜಗಲಿಗೂ ಬರಬಾರದಾದವರು ಬರಿಗಾಲಿನಲ್ಲಿ, ಸ್ವೆಟರಿನ ಒಂದೇ ತೋಳು ಹಾಕಿಕೊಂಡು, ಮೆಟ್ಟಿಲಿಳಿದು ಗೇಟಿನ ಕಡೆಗೆ ಓಡುತ್ತಿದ್ದರು. ಹಿಂದೆ ಆ ಹುಡುಗ ಮಾತ್ರೆಯ ಡಬ್ಬಿ ಹಿಡಿದು "ದೊಡ್ಡಪ್ಪಾ" ಎಂದು ಕಿರುಚುತ್ತಿದ್ದ. ಅವರಿಗೂ ಎರಡು ಗುಂಡು ಕೇಳಿಸಿತ್ತು. ತಾನಂತೂ ಬದುಕಿದ್ದೇನೆ ಎಂಬುದು ಅವರಿಗೆ ಖಚಿತವಾಗಿತ್ತು. ಕಣ್ಣು ಬಿಟ್ಟು ನೋಡಿದರೆ ಹೆಂಡತಿ ಪಕ್ಕದಲ್ಲಿರಲಿಲ್ಲ.

ಇಬ್ಬರೂ ಗೇಟಿನಲ್ಲಿ ಎದುರಾದರು. ಪೂವಯ್ಯನವರು ಕೊಡವ ತಕ್ಕಿನಲ್ಲಿ, ತಮ್ಮ ಮನೆಮಾತಿನಲ್ಲಿ, ಏನೋ ಕೇಳಿದರು. ಅಷ್ಟು ವರ್ಷ ಪಕ್ಕದಲ್ಲಿದ್ದು ನನಗೆ ಬಂದ ಅಲ್ಪಸ್ವಲ್ಪದಲ್ಲಿ ಅದರ ಅರ್ಥ, "ಹೋದದ್ದು ನೀನಲ್ಲವಾ?" ಎಂದು. ಮುತ್ತಮ್ಮ ಕ್ಯಾನನ್ನು ನಿಧಾನವಾಗಿ ಕೆಳಗಿಟ್ಟು, ಗಂಡನ ಸ್ವೆಟರಿನ ಇನ್ನೊಂದು ತೋಳು ಹಾಕಿಸಿದರು. ಆಮೇಲೆ ಪೂವಯ್ಯನವರು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು. ಮುಖ ಬಿಳಿಚಿತ್ತು, ಆ ಚಳಿಯಲ್ಲೂ ಹಣೆಯ ಮೇಲೆ ಬೆವರು. ಗಿರಿಜೆ ನೀರು ತಂದಳು. ಡೈರಿಯಿಂದ ಜನ ಬಂದರು. ನಾನು ಪೂವಯ್ಯನವರ ಎದೆಯನ್ನೇ ನೋಡುತ್ತಿದ್ದೆ, ಏರುತ್ತದೆಯೇ, ಇಳಿಯುತ್ತದೆಯೇ ಎಂದು. ನನ್ನ ಜೀವಮಾನದಲ್ಲಿ ಒಂದು ವಸ್ತುವಿನ ಚಲನೆಯನ್ನು ಅಷ್ಟು ಶ್ರದ್ಧೆಯಿಂದ ಗಮನಿಸಿದ್ದು ಅದೇ ಮೊದಲು.

ಆಗ ಮೂರನೆಯದು ಸಿಡಿಯಿತು. ಢಂ!

ಮುತ್ತಮ್ಮ ಗಂಡನನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಪೂವಯ್ಯನವರು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. "ಮೇಷ್ಟ್ರೇ," ಎಂದರು, ಉಸಿರು ಎಳೆದುಕೊಳ್ಳುತ್ತ, "ಒಂದು ಹುಟ್ಟಿದ್ದಕ್ಕೆ. ಎರಡು ಹೋದದ್ದಕ್ಕೆ. ಮೂರು ಎಂತಕ್ಕೆ ಮಾರಾಯ್ರೇ?"

ಯಾರೋ ಫಕ್ಕನೆ ನಕ್ಕರು. ನಕ್ಕದ್ದು ಮುತ್ತಮ್ಮ. ನಕ್ಕು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಮೂರನೆಯದು ಹೇಗೆ ಸಿಡಿಯಿತು ಎಂದು ನೀವು ಕೇಳಬೇಕು. ಎರಡು ಕಡೆ ಸಿಡಿದ ಬಿದಿರು ಅಂಗಳದಲ್ಲಿ ಬಿದ್ದಿತ್ತಲ್ಲ. ನಾವೆಲ್ಲ ಗೇಟಿಗೆ ಓಡಿದ ಮೇಲೆ ನಂಜೇಗೌಡರು ಅದನ್ನು ಎತ್ತಿ ಮತ್ತೆ ಒಲೆಗೇ ತುರುಕಿದ್ದರು! ಕೇಳಿದ್ದಕ್ಕೆ, "ಅರ್ಧ ಸುಟ್ಟ ಕೊಳ್ಳಿ ಅಂಗಳದಲ್ಲಿ ಬಿದ್ದಿದ್ರೆ ಮನೆಗೆ ಒಳ್ಳೇದಲ್ಲ ಮೇಷ್ಟ್ರೇ. ಸೂತಕದ ಮನೆ ಥರ ಕಾಣುತ್ತೆ" ಎಂದರು. ಮೈಯ ಸೋಪಿನ ನೊರೆ ಅಷ್ಟು ಹೊತ್ತಿಗೆ ಒಣಗಿ, ಬೂದಿ ಮೆತ್ತಿ, ಅವರೇ ಸ್ಮಶಾನದಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ನಾನು ಕೂಗಾಡಿದೆ. ಜೀವನದಲ್ಲಿ ಆಡದ ಮಾತುಗಳನ್ನು ಆಡಿದೆ. ಅವರು ಸಾವಧಾನವಾಗಿ ಕೇಳಿ ಹೇಳಿದ ಮಾತು ಇದು: "ನಾನ್ ಹಾಕಿದ್ದು ಬರೀ ಬಿದಿರು ಮೇಷ್ಟ್ರೇ. ಸಿಡಿದದ್ದು ನಿಮ್ಮ ಕಣ. ಓಡ್ತವೆ, ಗುದ್ತವೆ ಅಂದೋರು ನೀವೇ. ಕಟ್ಟಾಕ್ಕೊಳ್ಬೇಕಾಗಿತ್ತು." ಬಸ್ಸಿನಲ್ಲಿ ಅರಕಲಗೂಡಿನವರೆಗೆ ಹಂಚುತ್ತ ಹೋದ ಕಥೆಯೂ ಇದೇ.

ಅಷ್ಟರಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಪೂವಯ್ಯನವರ ಯೂನಿಫಾರಂ ಫೋಟೋ ಬಂದಿತ್ತು, ಸುತ್ತ ಹೂವಿನ ಹಾರ, ಕೆಳಗೆ ಎರಡು ದೀಪ. ಇಷ್ಟು ಬೇಗ ಹಾರ ಎಲ್ಲಿಂದ ತರುತ್ತಾರೋ! ಒಬ್ಬರ ಹಿಂದೆ ಒಬ್ಬರು ಕೈಮುಗಿಯುತ್ತಿದ್ದರು. ಬಿದಿರಿನೊಳಗಿನ ಕಣಗಳಿಗಾದರೂ ಬೆಂಕಿಯ ನೆಪವಿತ್ತು, ಈ ಬೆರಳುಗಳಿಗೆ ಅದೂ ಬೇಡ. ಜೀಪಿನಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪೂವಯ್ಯನವರು ಅದನ್ನೆಲ್ಲ ಓದಿ, ತಾವೂ ಒಂದು ಸಾಲು ಬರೆದರು: "ಎಲ್ಲರಿಗೂ ಧನ್ಯವಾದ. ಹಾರ ಇನ್ನೂ ಸ್ವಲ್ಪ ದಪ್ಪ ಇರಬಹುದಿತ್ತು." ಡಾಕ್ಟರು ಪರೀಕ್ಷೆ ಮಾಡಿ, ಮುತ್ತಮ್ಮನವರನ್ನು ಬೈದು, ನನ್ನನ್ನು ಇನ್ನೂ ಹೆಚ್ಚು ಬೈದು, ಎರಡು ದಿನ ಇಟ್ಟುಕೊಂಡು ಕಳಿಸಿದರು.

ನನ್ನ ಸಿಟ್ಟು ಮಾತ್ರ ಆರಿಲ್ಲ. ಅದರ ಬಗ್ಗೆ ಯೋಚಿಸಿದ್ದೇನೆ. ನನ್ನ ಸಿಟ್ಟು ಲೋಟದ್ದು: ಮುಟ್ಟಿದರೆ ಸುಡುತ್ತದೆ, ಒಟ್ಟು ನೋಡಿದರೆ ಒಂದು ಗುಟುಕು. ಗಿರಿಜೆಯದು ಹಂಡೆಯದು. ಆ ದಿನ ಅವಳು ಅಣ್ಣನಿಗೆ ಒಂದೇ ಒಂದು ಬಿರುಸಿನ ಮಾತಾಡಲಿಲ್ಲ. ಉಗುರು ಬೆಚ್ಚಗೆ ತಿಂಡಿ ಬಡಿಸಿದಳು, ಉಗುರು ಬೆಚ್ಚಗೆ ಬಸ್ಸು ಹತ್ತಿಸಿದಳು. ಯುಗಾದಿಗೆ ಅವರು ಫೋನು ಮಾಡಿದಾಗಲೂ ಅದೇ ಬೆಚ್ಚಗೆ. ಭಾವ ಈಗ ನನಗೆ ಗುಟ್ಟಾಗಿ ಫೋನು ಮಾಡಿ, "ಅವಳು ಯಾವಾಗ ತಣ್ಣಗಾಗ್ತಾಳೆ ಮೇಷ್ಟ್ರೇ?" ಎಂದು ಕೇಳುತ್ತಾರೆ. ಅಂತೂ ಉಷ್ಣಕ್ಕೂ ತಾಪಕ್ಕೂ ಇರುವ ವ್ಯತ್ಯಾಸ ಅವರ ಬೆನ್ನಿಗೆ ತಾಗಿದೆ.

ಮೊನ್ನೆ ಬೇಲಿಯ ಬಳಿ ಪೂವಯ್ಯನವರು ಕೂತಿದ್ದಾಗ ನಾನು ಇದನ್ನೆಲ್ಲ ಬರೆಯುತ್ತಿರುವುದಾಗಿ ಹೇಳಿದೆ. ಕಣ್ಣಾರೆ ಕಂಡ ಒಬ್ಬನಾದರೂ ಸರಿಯಾಗಿ ಹೇಳಬೇಕಲ್ಲ ಎಂದೆ. "ಬರೀರಿ, ಬರೀರಿ," ಎಂದರು. "ನಾನು ಮಲಗಿದ್ದಲ್ಲಿಂದ ಕಿಟಕಿಯಲ್ಲಿ ಎಲ್ಲ ಕಾಣ್ತಿತ್ತು. ನಿಮ್ಮ ಭಾವ ಆ ಬಿದಿರನ್ನು ಚಪ್ಪರದಿಂದ ಎಳೆದ್ರು, ನಿಮ್ಮ ಕಾಲಿನ ಮೇಲಿಂದ ದಾಟಿಸಿದ್ರು. ಮುಚ್ಚಿದ ಪಾತ್ರೆಯಲ್ಲಿ ಕಣ ಗುದ್ದುತ್ತೆ ಅಂತ ನೀವು ಹೇಳುವಾಗ ಒಲೆಗೆ ತುರುಕಿದ್ರು. ಮೇಷ್ಟ್ರು ಈಗ ತಡೀತಾರೆ, ಈಗ ತಡೀತಾರೆ ಅಂತ ನೋಡ್ತಿದ್ದೆ. ಪಾಠ ಚೆನ್ನಾಗಿತ್ತು, ಕೇಳ್ತಾ ಹಾಗೇ ನಿದ್ದೆ ಹತ್ತಿಬಿಡ್ತು. ಢಂ ಅಂದು ಎಚ್ಚರ ಆದಾಗ ಬಿದಿರು ತಲೆಗೇ ಬರಲಿಲ್ಲ." ಆಮೇಲೆ ಕೇಳಿದರು: "ಅಲ್ಲ, ಹೇಳುವಾಗ ನೀವು ಕಣ್ಣು ಯಾಕೆ ಮುಚ್ಚಿಕೊಳ್ತೀರಿ?"

ಆದ್ದರಿಂದ ಈ ಬರಹಕ್ಕೆ ಒಂದು ತಿದ್ದುಪಡಿ. ಬಿದಿರು ಒಲೆಗೆ ಹೋದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು. ಆ ಒಂದರ ಬಗ್ಗೆ ಅನುಮಾನವಿರುವವರು ಬೇರೆ ಸಾಕ್ಷಿಗಳನ್ನು ಕೇಳಬಹುದು. ಹಾಕಿದವರು ನಂಜೇಗೌಡರು, ಅರಕಲಗೂಡಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಅವರ ಮಾತನ್ನು ನಂಬಬೇಡಿ. ಗಿರಿಜೆ ಇದ್ದಾಳೆ, ಆದರೆ ಈ ವಿಷಯ ಎತ್ತದಿರುವುದು ಒಳ್ಳೆಯದು. ಮುತ್ತಮ್ಮ ಇದ್ದಾರೆ, ಬೆಳಗಿನ ಹೊತ್ತು ಡೈರಿಯ ದಾರಿಯಲ್ಲಿ ಸಿಗುತ್ತಾರೆ, ಈಚೆಗೆ ಕ್ಯಾನಿನ ಮುಚ್ಚಳಕ್ಕೆ ದಾರ ಕಟ್ಟಿದ್ದಾರೆ. ಎಲ್ಲರಿಗಿಂತ ಚೆನ್ನಾಗಿ ಕಂಡವರು ಪೂವಯ್ಯನವರು. ಅವರೂ ಇದ್ದಾರೆ.